ಅರಸನಿಂದ ಮಿಂಚುಳ್ಳಿಯವರೆಗೆ: ಯುದ್ಧೋತ್ತರ ಡಚ್ ನೋಟುಗಳು

ಒಂದು ದೇಶ ತನ್ನ ಕಾಗದದ ಹಣದ ಮೇಲೆ ಯಾರ ಮುಖವನ್ನು ಅಚ್ಚು ಹಾಕಿಸುತ್ತದೆ, ಯಾವಾಗ ಆ ಮುಖವನ್ನು ತೆಗೆದುಹಾಕುತ್ತದೆ ಎಂಬುದನ್ನು ಅರಿಯಲು ನೆದರ್ಲೆಂಡ್ಸ್‌ನ ಯುದ್ಧೋತ್ತರ ನೋಟುಗಳಷ್ಟು ಸ್ಪಷ್ಟವಾದ ಉದಾಹರಣೆ ಯೂರೋಪಿನಲ್ಲಿ ವಿರಳ. 1945ರಿಂದ ಯೂರೋ ನೋಟುಗಳು ಚಲಾವಣೆಗೆ ಬಂದ 2002ರವರೆಗಿನ ಅವಧಿಯಲ್ಲಿ ಗಿಲ್ಡರ್ ನೋಟುಗಳ ಮೇಲೆ ಮೊದಲು ರಾಜಮನೆತನದವರು, ಅನಂತರ ವಿದ್ವಾಂಸರು ಮತ್ತು ಕಲಾವಿದರು, ಆಮೇಲೆ ಹೂವು, ಹಕ್ಕಿ, ದೀಪಸ್ತಂಭಗಳು, ಕೊನೆಗೆ ಹಕ್ಕಿಯ ಹೆಸರನ್ನಷ್ಟೇ ಹೊತ್ತ ಬಣ್ಣದ ವಿನ್ಯಾಸಗಳು ಕಾಣಿಸಿಕೊಂಡವು. ಈ ನೋಟುಗಳನ್ನು ಸಂಗ್ರಹಿಸುವವರು ಅವುಗಳ ಬೆಲೆಯನ್ನು ತಿಳಿಯಬೇಕಾದರೆ ಮೊದಲು ಈ ಬದಲಾವಣೆಯ ಹಿನ್ನೆಲೆಯನ್ನು ತಿಳಿಯಬೇಕಾಗುತ್ತದೆ.

ಆ ಹಿನ್ನೆಲೆ ಶುರುವಾಗುವುದು ಹಣದ ಮೇಲಿನ ನಂಬಿಕೆಯೇ ಕುಸಿದಿದ್ದ ದಿನಗಳಲ್ಲಿ. ಜರ್ಮನ್ನರ ಐದು ವರ್ಷಗಳ ಆಕ್ರಮಣದ ಕಾಲದಲ್ಲಿ ದೇಶದೊಳಗೆ ನೋಟುಗಳ ರಾಶಿ ಬೆಳೆಯುತ್ತಲೇ ಹೋಗಿತ್ತು, ಆದರೆ ಆ ಹಣಕ್ಕೆ ಕೊಳ್ಳಲು ಸಾಮಾನೇ ಇರಲಿಲ್ಲ. ಕಾಳಸಂತೆಯಲ್ಲಿ ಗಳಿಸಿದವರ ಪೆಟ್ಟಿಗೆಗಳು ಮಾತ್ರ ತುಂಬಿದ್ದವು. ಬಿಡುಗಡೆಯ ನಂತರ ಹಣಕಾಸು ಸಚಿವರಾದ ಪೀಟರ್ ಲೀಫ್ಟಿಂಕ್ ಇದಕ್ಕೆ ಕಠಿಣ ಮದ್ದನ್ನೇ ಅರೆದರು. 1945ರ ಜುಲೈ 9ರಂದು ನೂರು ಗಿಲ್ಡರ್ ನೋಟುಗಳು ರದ್ದಾದವು. ಸೆಪ್ಟೆಂಬರ್ 26ರಂದು ಉಳಿದ ಹಳೆಯ ನೋಟುಗಳೂ ಮಾನ್ಯತೆ ಕಳೆದುಕೊಂಡವು, ಬ್ಯಾಂಕ್ ಖಾತೆಗಳು ಸ್ತಂಭನಗೊಂಡವು. ಮುಂದಿನ ಒಂದು ವಾರವನ್ನು ದೂಡಲು ತಲೆಗೆ ಹತ್ತು ಗಿಲ್ಡರ್‌ನಂತೆ ಹೊಸ ಹಣ ಕೊಡಲಾಯಿತು. ಸಿರಿವಂತರಿಗೂ ಕೂಲಿಯವರಿಗೂ ಸಮನಾಗಿ ಸಿಕ್ಕ ಆ ಹತ್ತು ಗಿಲ್ಡರ್ ಡಚ್ಚರ ನಾಲಗೆಯಲ್ಲಿ ‘ಲೀಫ್ಟಿಂಕರ ಹತ್ತು’ ಎಂದೇ ನೆಲೆಯಾಯಿತು. ಇಡೀ ಜನತೆಯ ಕೈಯಲ್ಲಿ ಒಂದೇ ಮೊತ್ತವಿದ್ದ ಆ ವಾರದ ನೆನಪು ಅಲ್ಲಿ ತಲೆಮಾರುಗಳವರೆಗೆ ಮಾಸಲಿಲ್ಲ.

ಈ ಕಾಲದ ನೋಟುಗಳನ್ನು ನೋಡುವಾಗ ಎರಡು ಬಗೆಗಳನ್ನು ಬೇರ್ಪಡಿಸಿಕೊಳ್ಳುವುದು ಅಗತ್ಯ. ಕೇಂದ್ರ ಬ್ಯಾಂಕು ಹೊರಡಿಸಿದ ನೋಟುಗಳು ಒಂದು ಬಗೆ; ನಾಣ್ಯದ ಬದಲಿಗೆ ಸರ್ಕಾರವೇ ನೇರವಾಗಿ ಹೊರಡಿಸಿದ, ನಾಣ್ಯನೋಟು ಎಂಬ ಅರ್ಥದ ಹೆಸರುಳ್ಳವು ಇನ್ನೊಂದು ಬಗೆ. ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಡಚ್ ಸರ್ಕಾರ ಬಿಡುಗಡೆಯ ದಿನಕ್ಕೆಂದು ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿಯಲ್ಲಿ ಮುದ್ರಿಸಿಟ್ಟಿದ್ದ, 1943ರ ದಿನಾಂಕವುಳ್ಳ, ರಾಣಿ ವಿಲ್ಹೆಲ್ಮಿನಾಳ ಭಾವಚಿತ್ರದ ನೋಟುಗಳು ಎರಡನೆಯ ಬಗೆಗೆ ಸೇರಿದವು. ರಾಣಿ 1948ರಲ್ಲಿ ಮಗಳಿಗೆ ಪಟ್ಟ ಬಿಟ್ಟುಕೊಟ್ಟ ಮೇಲೆ, 1949ರ ಒಂದು ಮತ್ತು ಎರಡೂವರೆ ಗಿಲ್ಡರ್‌ಗಳ ನಾಣ್ಯನೋಟುಗಳ ಮೇಲೆ ಆ ಮಗಳು ಯೂಲಿಯಾನಾ ಬಂದಳು. ಬ್ಯಾಂಕಿನ ಹತ್ತರ ನೋಟಿನಲ್ಲಿ ಕಾಣಿಸಿಕೊಂಡವನು ರಾಜವಂಶದ ಮೊದಲ ಅರಸ ಒಂದನೆಯ ವಿಲಿಯಂ. 1945ರ ದಿನಾಂಕದ ಈ ನೋಟಿನ ಮೊದಲ ಮುದ್ರಣದಲ್ಲಿ ಅವನ ಜನನ ವರ್ಷ 1788 ಎಂದು ತಪ್ಪಾಗಿ ಬಿದ್ದಿತ್ತು. ಮುಂದಿನ ಮುದ್ರಣದಲ್ಲಿ ಅದನ್ನು 1772 ಎಂದು ತಿದ್ದಲಾಯಿತು. ಭಾವಚಿತ್ರದ ಬಳಿಯ ಆ ಸಣ್ಣ ಅಂಕಿಗಳನ್ನು ಭೂತಗನ್ನಡಿ ಹಿಡಿದು ಓದುವುದು ಈ ಕ್ಷೇತ್ರಕ್ಕೆ ಕಾಲಿಡುವವರ ಮೊದಲ ಪಾಠ, ಏಕೆಂದರೆ ಉಳಿದೆಲ್ಲ ಹೋಲಿಕೆಗಳ ನಡುವೆ ಎರಡು ಮುದ್ರಣಗಳು ಬೇರೆ ಎಂದು ಸಾರುವುದು ಆ ಅಂಕಿಗಳೇ.

1953ರಿಂದ ಬ್ಯಾಂಕಿನ ನೋಟುಗಳ ಮೇಲೆ ಅರಸರು ಇಲ್ಲವಾದರು. ಹತ್ತರಲ್ಲಿ ನ್ಯಾಯಶಾಸ್ತ್ರಜ್ಞ ಹ್ಯೂಗೋ ಗ್ರೋಷಿಯಸ್, ಇಪ್ಪತ್ತರಲ್ಲಿ ವೈದ್ಯ ಬೂರ್‌ಹಾವೆ, ಇಪ್ಪತ್ತೈದರಲ್ಲಿ ವಿಜ್ಞಾನಿ ಹೈಗೆನ್ಸ್, ನೂರರಲ್ಲಿ ವಿದ್ವಾಂಸ ಇರಾಸ್ಮಸ್, ಸಾವಿರದಲ್ಲಿ ಚಿತ್ರಕಾರ ರೆಂಬ್ರಾಂಟ್ ಬಂದು ಕುಳಿತರು. ನಾಡಿಗೆ ಬುದ್ಧಿಯ ಆಸ್ತಿ ಬಿಟ್ಟುಹೋದವರು ಎಂಬ ಅರ್ಥದಲ್ಲಿ ಈ ಸರಣಿಗೆ ‘ವಾರಸೆ ಕೊಟ್ಟವರು’ ಎಂಬ ಹೆಸರಿದೆ. ಇದರ ವಿನ್ಯಾಸದಲ್ಲಿ ಮುಖ್ಯವಾಗಿ ತೊಡಗಿದ್ದ ಎಪ್ಪೋ ಡೂವೆ ಡಚ್ಚರ ವಸಾಹತಾಗಿದ್ದ ಜಾವಾದ ಬಾಂಡುಂಗ್‌ನಲ್ಲಿ 1907ರಲ್ಲಿ ಹುಟ್ಟಿದ ಚಿತ್ರಕಾರ ಮತ್ತು ವ್ಯಂಗ್ಯಚಿತ್ರಕಾರ. 1949ರ ಕೊನೆಯಲ್ಲಿ ಇಂಡೋನೇಷ್ಯಾದ ಸಾರ್ವಭೌಮತ್ವವನ್ನು ಒಪ್ಪಿಕೊಂಡು ಯೂರೋಪಿನ ಮೂಲೆಯ ಪುಟ್ಟ ದೇಶವಾಗಿ ಉಳಿದ ನೆದರ್ಲೆಂಡ್ಸ್, ಅದಾದ ನಾಲ್ಕೇ ವರ್ಷಗಳಲ್ಲಿ ತನ್ನ ಹಣದ ಮೇಲೆ ಸಾಮ್ರಾಜ್ಯದ ಬದಲಿಗೆ ಪಾಂಡಿತ್ಯವನ್ನು ಮುಂದಿಟ್ಟದ್ದು ಗಮನಾರ್ಹ. ಮುಂದಿನ ಸರಣಿಯ ಖ್ಯಾತಿಯ ನೆರಳಿನಲ್ಲಿ ಡೂವೆಯ ಈ ನೋಟುಗಳಿಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಆ ಖ್ಯಾತಿ ಹೇಗ್ ನಗರದಲ್ಲಿ 1929ರಲ್ಲಿ ಹುಟ್ಟಿದ ಓಟ್ಯೆ ಓಕ್ಸೆನಾರ್ ಎಂಬ ವಿನ್ಯಾಸಕಾರನದು. ಕವಿ ವೊಂಡೆಲ್‌ನ ಚಿತ್ರವಿದ್ದ 1966ರ ಐದು ಗಿಲ್ಡರ್ ನೋಟು ಅವನ ಮೊದಲ ಕೆಲಸ. ಅದು ಅವನಿಗೇ ಒಪ್ಪಿಗೆಯಾಗಲಿಲ್ಲ. ಮುಂದೆ ಹತ್ತರ ನೋಟಿಗೆ ಚಿತ್ರಕಾರ ಫ್ರಾನ್ಸ್ ಹಾಲ್ಸ್, ಇಪ್ಪತ್ತೈದಕ್ಕೆ ಸಂಗೀತಕಾರ ಸ್ವೇಲಿಂಕ್, ನೂರಕ್ಕೆ ನೌಕಾಧಿಪತಿ ಡಿ ರಾಯ್ಟರ್, ಸಾವಿರಕ್ಕೆ ತತ್ತ್ವಜ್ಞಾನಿ ಸ್ಪಿನೋಜಾ ಎಂದು 1968ರಿಂದ 1972ರ ನಡುವಣ ದಿನಾಂಕಗಳ ನೋಟುಗಳನ್ನು ಅವನು ಬೇರೆಯೇ ಕ್ರಮದಲ್ಲಿ ರೂಪಿಸಿದ, ಬಳಿಕ 1973ರಲ್ಲಿ ವೊಂಡೆಲ್‌ನನ್ನೂ ಅದೇ ಕ್ರಮಕ್ಕೆ ಹೊಂದಿಸಿದ. ಹತ್ತು ನೀಲಿ, ಇಪ್ಪತ್ತೈದು ಕೆಂಪು, ನೂರು ಕಂದು, ಸಾವಿರ ಕಡುಹಸಿರು ಎಂದು ಪ್ರತಿ ನೋಟಿಗೂ ಎದ್ದು ಕಾಣುವ ತನ್ನದೇ ಬಣ್ಣವಿತ್ತು. ಎತ್ತರ ಎಲ್ಲಕ್ಕೂ 76 ಮಿಲಿಮೀಟರ್. ಉದ್ದ ಮಾತ್ರ ಐದಕ್ಕೆ 136, ಹತ್ತಕ್ಕೆ 142, ಇಪ್ಪತ್ತೈದಕ್ಕೆ 148, ನೂರಕ್ಕೆ 154, ಸಾವಿರಕ್ಕೆ 160 ಎಂದು ಆರಾರು ಮಿಲಿಮೀಟರ್ ಏರುತ್ತ ಹೋಗುತ್ತದೆ. ಕಣ್ಣು ಕಾಣದವರು ಬೆರಳಿನಿಂದಲೇ ಗುರುತಿಸಲೆಂದು ಉಬ್ಬು ಗುರುತುಗಳೂ ಇವುಗಳಲ್ಲಿದ್ದವು. ಭಾರತದ ನೋಟುಗಳಲ್ಲಿ ಅಂಥ ಗುರುತುಗಳು 1996ರ ಮಹಾತ್ಮಾ ಗಾಂಧಿ ಸರಣಿಯೊಂದಿಗೆ ಬಂದವು ಎಂಬುದನ್ನು ನೆನೆದರೆ ಈ ಕಾಳಜಿ ಎಷ್ಟು ಮುಂಚಿನದೆಂದು ತಿಳಿಯುತ್ತದೆ.

ಉಬ್ಬು ಬರುವುದು ಕೊರೆದ ತಗಡಿನ ಮುದ್ರಣದಿಂದ: ಲೋಹದ ತಗಡಿನಲ್ಲಿ ಗೆರೆಗಳನ್ನು ಕೊರೆದು, ಆ ತೋಡುಗಳಲ್ಲಿ ಮಸಿ ತುಂಬಿ, ಕಾಗದವನ್ನು ಭಾರಿ ಒತ್ತಡದಲ್ಲಿ ಅದರ ಮೇಲೆ ಅದುಮಿದಾಗ ಮಸಿ ಕಾಗದದ ಮೇಲೆ ಗೆರೆಯಾಗಿ ನಿಲ್ಲುತ್ತದೆ. ಓಕ್ಸೆನಾರ್ ಈ ತಂತ್ರವನ್ನು ಮುಖ ಬರೆಯುವ ಭಾಷೆಯನ್ನಾಗಿಯೇ ಮಾಡಿಕೊಂಡ. ಅವನ ಸ್ಪಿನೋಜಾನ ಮುಖದಲ್ಲಿ ಕೆನ್ನೆ, ಹಣೆ, ಕೂದಲುಗಳು ಬಾಗಿದ ಗೆರೆಗಳ ಹರಿವಾಗಿ ಮೂಡಿವೆ. ಆ ನೋಟಿನ ಗೆರೆಗಳ ನಡುವೆ ಅವನು ತನ್ನದೇ ಬೆರಳಚ್ಚನ್ನು ಅಡಗಿಸಿಟ್ಟಿದ್ದಾನೆ. ನಕಲು ಮಾಡುವವನಿಗೆ ತೊಡಕಾಗುವ ಗೆರೆಗಳ ಗೋಜಲೇ ನೋಡುವವನಿಗೆ ಸೊಗಸಾಗಿ ತೋರುವಂತೆ ಮಾಡಿದ್ದರಲ್ಲಿ ಅವನ ಹಿರಿಮೆಯಿದೆ.

ನೂರು ಗಿಲ್ಡರ್‌ನ ಮೇಲೆ ನೀಳ ಕೊಕ್ಕಿನ ಕೆಸರುಹಕ್ಕಿ ಸ್ನೈಪ್, ಐವತ್ತರ ಮೇಲೆ ಸೂರ್ಯಕಾಂತಿ, ಇನ್ನೂರೈವತ್ತರ ಮೇಲೆ ದೀಪಸ್ತಂಭ ಬಂದಾಗ ಮನುಷ್ಯರ ಮುಖಗಳೂ ಕಣ್ಮರೆಯಾದವು. ಈ ಮೂರರಲ್ಲಿ ಓಕ್ಸೆನಾರ್‌ನ ಜೊತೆ ಹಾನ್ಸ್ ಕ್ರೂಯ್ಟ್ ದುಡಿದಿದ್ದಾನೆ. ಸೂರ್ಯಕಾಂತಿಯ ನೋಟಂತೂ ಹಳದಿಯ ಹಲವು ಛಾಯೆಗಳ ಹಬ್ಬ. ಅಗಲವಾಗಿ ಅರಳಿದ ಹೂವಿನ ಮೇಲೆ ಒಂದು ಜೇನುನೊಣ ಕುಳಿತಿದೆ. ದೀಪಸ್ತಂಭದ ನೋಟನ್ನು ಬೆಳಕಿಗೆ ಹಿಡಿದರೆ ಜಲಚಿಹ್ನೆಯಲ್ಲಿ, ಎಂದರೆ ಕಾಗದ ತಯಾರಾಗುವಾಗಲೇ ಅದರ ದಪ್ಪವನ್ನು ಹೆಚ್ಚುಕಡಿಮೆ ಮಾಡಿ ಮೂಡಿಸುವ ಗುರುತಿನಲ್ಲಿ, ಒಂದು ಮೊಲ ಕಾಣುತ್ತದೆ. ಸ್ನೈಪ್ ನೋಟಿನ ದಿನಾಂಕ 1977, ಅದು ಜನರ ಕೈ ಸೇರಿದ್ದು 1981ರಲ್ಲಿ. ನೋಟಿನ ಮೇಲಿನ ದಿನಾಂಕ ವಿನ್ಯಾಸದ ಮಾದರಿಯನ್ನು ಸೂಚಿಸುತ್ತದೆಯೇ ಹೊರತು ಬಿಡುಗಡೆಯ ದಿನವನ್ನಲ್ಲ ಎಂಬುದು ತಿಳಿಯದಿದ್ದರೆ ಸಂಗ್ರಹದ ಕಾಲಾನುಕ್ರಮವೇ ತಪ್ಪುತ್ತದೆ.

ಕೊನೆಯ ಸರಣಿ ಯಾಪ್ ಡ್ರುಪ್ಸ್ಟೇನ್‌ನದು. 1989ರ ಇಪ್ಪತ್ತೈದಕ್ಕೆ ರಾಬಿನ್, 1992ರ ನೂರಕ್ಕೆ ಪುಟ್ಟ ಗೂಬೆ, 1994ರ ಸಾವಿರಕ್ಕೆ ಟಿಟ್ಟಿಭ, 1997ರ ಹತ್ತಕ್ಕೆ ಮಿಂಚುಳ್ಳಿ ಎಂದು ಹಕ್ಕಿಗಳ ಹೆಸರುಗಳಿದ್ದರೂ, ಎದ್ದು ಕಾಣುವುದು ಬಣ್ಣದ ಪಟ್ಟಿಗಳು, ವೃತ್ತಗಳು, ತ್ರಿಕೋನಗಳು. ರಾಬಿನ್ ಎಂಬ ಹೆಸರಿಗೆ ಹಿಂದಿನ ನಂಟೂ ಇದೆ: 1814ರಲ್ಲಿ ಕೇಂದ್ರ ಬ್ಯಾಂಕು ಹೊರಡಿಸಿದ ಮೊಟ್ಟಮೊದಲ ನೋಟುಗಳನ್ನು ಅವುಗಳ ಕೆಂಪು ಅಕ್ಷರಗಳಿಂದಾಗಿ ಜನ ‘ಕೆಂಪೆದೆಯ ಹಕ್ಕಿ’ ಎಂದು ಕರೆದಿದ್ದರು, ರಾಬಿನ್ನಿಗೂ ಡಚ್ಚಿನಲ್ಲಿ ಅದೇ ಹೆಸರು. ಆ ಮೊದಲ ನೋಟುಗಳು ಅಚ್ಚಾದದ್ದು 1703ರಲ್ಲಿ ಹಾರ್ಲೆಮ್ ಪಟ್ಟಣದಲ್ಲಿ ಸ್ಥಾಪನೆಯಾದ ಎನ್‌ಸ್ಖೆಡೇ ಮುದ್ರಣಾಲಯದಲ್ಲಿ. ನಕಲು ಮಾಡದಂತೆ ಅವುಗಳ ಅಂಚಿಗೆ ಸಂಗೀತದ ಸ್ವರಲಿಪಿಯ ಅಚ್ಚುಮೊಳೆಗಳನ್ನು ಜೋಡಿಸಲಾಗಿತ್ತು. ಗಿಲ್ಡರ್‌ನ ಕಾಲ ಮುಗಿಯುವಾಗಲೂ ನೋಟುಗಳು ಬರುತ್ತಿದ್ದದ್ದು ಅದೇ ಮುದ್ರಣಾಲಯದಿಂದ.

ಬೆಲೆಯ ವಿಚಾರಕ್ಕೆ ಬಂದರೆ, ಈ ನೋಟುಗಳಿಗೆ ಒಂದರ ಬದಲು ಎರಡು ಬೆಲೆಗಳಿವೆ. 2002ರ ಜನವರಿ 28ಕ್ಕೆ ಗಿಲ್ಡರ್ ಚಲಾವಣೆ ನಿಂತಿತು, ಆದರೆ ಆಗ ಚಲಾವಣೆಯಲ್ಲಿದ್ದ ಸೂರ್ಯಕಾಂತಿ, ದೀಪಸ್ತಂಭ, ಮಿಂಚುಳ್ಳಿಗಳಂಥ ನೋಟುಗಳನ್ನು ಕೇಂದ್ರ ಬ್ಯಾಂಕು 2032ರ ಆರಂಭದವರೆಗೆ ಒಂದು ಯೂರೋಗೆ 2.20371 ಗಿಲ್ಡರ್‌ನಂತೆ ಬದಲಾಯಿಸಿಕೊಡುವ ಏರ್ಪಾಡಿದೆ. ಆದ್ದರಿಂದ ಎಷ್ಟೇ ಸವೆದ ಸೂರ್ಯಕಾಂತಿಯೂ 22.69 ಯೂರೋಗಿಂತ ಕೆಳಗಿಳಿಯಲು ಕಾರಣವಿಲ್ಲ. ಬದಲಾವಣೆಯ ಗಡುವು ದಾಟಿದ ನೋಟಿಗೆ ಈ ಆಸರೆ ಇರುವುದಿಲ್ಲ. ಅದರ ಬೆಲೆ ಪೂರ್ತಿಯಾಗಿ ಸಂಗ್ರಾಹಕರ ಆಸಕ್ತಿಯನ್ನೇ ನೆಚ್ಚಿಕೊಂಡಿರುತ್ತದೆ. ಅಲ್ಲಿ ಮುಖ್ಯವಾಗುವುದು ಸ್ಥಿತಿ. ಮಡಿಕೆಯೇ ಕಾಣದ ನೋಟಿಗೂ ನಡುವೆ ಒಂದೇ ಮಡಿಕೆ ಬಿದ್ದ ನೋಟಿಗೂ ಬೆಲೆಯಲ್ಲಿ ದೊಡ್ಡ ಅಂತರವಿರುತ್ತದೆ. ಮಡಿಕೆ ಮರೆಸಲು ಇಸ್ತ್ರಿ ಹಾಕಿದ ನೋಟಿನಲ್ಲಿ ಉಬ್ಬು ಗೆರೆಗಳು ಚಪ್ಪಟೆಯಾಗುತ್ತವೆ, ತೊಳೆದ ನೋಟಿನಲ್ಲಿ ಕಾಗದದ ಬಿಗುಪು ಹೋಗುತ್ತದೆ. ಪಳಗಿದ ಬೆರಳು ಇವೆರಡನ್ನೂ ಕ್ಷಣದಲ್ಲಿ ಪತ್ತೆ ಹಚ್ಚುತ್ತದೆ.

ಸ್ಥಿತಿಯಷ್ಟೇ ಗಮನ ಬೇಡುವುದು ಅಧ್ಯಕ್ಷರ ಸಹಿ. ಓಕ್ಸೆನಾರ್‌ನ ಭಾವಚಿತ್ರಗಳ ಸರಣಿ ಬಂದದ್ದು 1967ರಿಂದ 1981ರವರೆಗೆ ಬ್ಯಾಂಕಿನ ಅಧ್ಯಕ್ಷರಾಗಿದ್ದ ಯೆಲ್ಲೆ ಜೈಲ್‌ಸ್ಟ್ರಾರ ಕಾಲದಲ್ಲಿ. 1982ರ ಜನವರಿ 4ರ ದಿನಾಂಕವುಳ್ಳ ಸೂರ್ಯಕಾಂತಿ ನೋಟಿನ ಮೇಲಿರುವುದು ಅದೇ ತಿಂಗಳ ಮೊದಲ ದಿನ ಅಧಿಕಾರ ವಹಿಸಿಕೊಂಡಿದ್ದ ವಿಮ್ ಡೂಸೆನ್‌ಬರ್ಗ್‌ರ ಸಹಿ. 1998ರಲ್ಲಿ ಅವರು ಯೂರೋಪಿನ ಕೇಂದ್ರ ಬ್ಯಾಂಕಿನ ಮೊದಲ ಅಧ್ಯಕ್ಷರಾದರು. ಸೂರ್ಯಕಾಂತಿಯ ಪಕ್ಕದಲ್ಲಿ 2002ರಲ್ಲಿ ಹೊರಬಂದ ಮೊದಲ ಯೂರೋ ನೋಟುಗಳಲ್ಲೊಂದನ್ನು ಇಟ್ಟು ನೋಡಿದರೆ, ಮುಖಗಳಿಲ್ಲದ ಆ ಎರಡೂ ಕಾಗದಗಳ ಮೇಲೆ ಇರುವುದು ಒಬ್ಬರದೇ ಸಹಿ.