ಪೊಲೀಸ್ ಪಟ್ಟಿಯಿಂದ ಶೌಚಾಲಯದ ಬಾಗಿಲವರೆಗೆ

ತುಂಗಭದ್ರೆಯ ದಡದ ದಢೇಸುಗೂರು 1948ರವರೆಗೆ ನಿಜಾಮರ ಸೀಮೆ. ಹುಲಿಗೆಮ್ಮ ದೇವಿಗೆ ನಡೆದುಕೊಳ್ಳುವ ಜೋಗಪ್ಪಗಳು ಸೀರೆಯುಟ್ಟು, ಚೌಡಿಕೆ ಹಿಡಿದು ಪದ ಹಾಡುವ ನಾಡಿದು.

1919ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ ಇಂಥ ಉಡುಗೆಯನ್ನೇ ಅನುಮಾನಿಸುವ ಒಂದು ಕಾಯ್ದೆ ತಂದಿತು. ರಾಜಧಾನಿಯಲ್ಲೂ ಸರ್ಕಾರ ಸೂಚಿಸಿದ ಇತರ ಊರುಗಳಲ್ಲೂ ಹಿಜಡಾಗಳ ಹೆಸರು, ವಿಳಾಸ ಬರೆದಿಡಬೇಕು. ಪಟ್ಟಿಯಲ್ಲಿದ್ದವರು ಹೆಣ್ಣುಡುಗೆಯಲ್ಲಿ ಬೀದಿಗಿಳಿದರೆ ವಾರಂಟ್ ಇಲ್ಲದೆ ಬಂಧನ, ಎರಡು ವರ್ಷದವರೆಗೆ ಸೆರೆವಾಸ. ತೆಲಂಗಾಣ ಹೈಕೋರ್ಟ್ ಇದನ್ನು ರದ್ದುಪಡಿಸಿದ್ದು 2023ರಲ್ಲಿ! 2011ರಲ್ಲಿ ಕರ್ನಾಟಕವೂ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ ಅಂಥದೇ ಪಟ್ಟಿಗೆ ದಾರಿ ಮಾಡಿದ್ದು ನಾಚಿಕೆಗೇಡಿನ ಸಂಗತಿ.

ಬೀದಿಯಲ್ಲಿ ನಿಲ್ಲಗೊಡದ ಆ ಅನುಮಾನವೇ ಶೌಚಾಲಯದ ಬಾಗಿಲಲ್ಲೂ ಕಾವಲು ಕೂತಿದೆ. ಬಸ್ ನಿಲ್ದಾಣದಲ್ಲಿ ಎರಡೇ ಬಾಗಿಲು, ಗೋಡೆ ಮೇಲೆ ಎರಡೇ ಚಿತ್ರ. ಟ್ರಾನ್ಸ್‌ಜೆಂಡರ್ ಜನ ಗಂಡಸರ ಕಡೆ ಹೋದರೆ ಚುಡಾಯಿಸುತ್ತಾರೆ, ಹೆಂಗಸರ ಕಡೆ ಹೋದರೆ ಗದರುತ್ತಾರೆ. ನೀರನ್ನೇ ಕುಡಿಯದೆ ಪ್ರಯಾಣ ಮುಗಿಸುವವರಿದ್ದಾರೆ.

ಈ ಕಾವಲು ನಮ್ಮಲ್ಲಷ್ಟೇ ಇಲ್ಲ. 2016ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ, ಸರ್ಕಾರಿ ಕಟ್ಟಡಗಳಲ್ಲಿ ಜನನ ಪತ್ರದಲ್ಲಿರುವ ಲಿಂಗದ ಶೌಚಾಲಯವನ್ನೇ ಬಳಸಬೇಕೆಂದು ಕಾನೂನು ಮಾಡಿತು. ಮರುವರ್ಷವೇ ಆ ನಿಯಮ ಕೈಬಿಟ್ಟಿತು. ನಮ್ಮಲ್ಲಿ ಸುಪ್ರೀಂ ಕೋರ್ಟ್ 2014ರ ನಾಲ್ಸಾ ತೀರ್ಪಿನಲ್ಲೇ ಟ್ರಾನ್ಸ್‌ಜೆಂಡರ್ ಜನರಿಗೆ ಪ್ರತ್ಯೇಕ ಶೌಚಾಲಯ ಒದಗಿಸಲು ಸೂಚಿಸಿತ್ತು.

ಯಾರಾದರೂ ಬಳಸಬಹುದಾದ ಒಂಟಿ ಕೋಣೆಯ ಶೌಚಾಲಯ, ನಡೆಯಲಾರದ ಅಪ್ಪನನ್ನು ಕರೆತಂದ ಮಗಳಿಗೂ ಬೇಕು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸ್ಥಳೀಯ ಸಂಸ್ಥೆಗಳು ಮುಂದೆ ಕಟ್ಟುವ ಪ್ರತಿ ಶೌಚಾಲಯದಲ್ಲೂ ಅಂಥದೊಂದು ಕೋಣೆ ಇಡಲಿ.