ಇಟ್ಟಂಗಿ ಇಟ್ಟಂಗಿ ಕೂಡಿಸಿ ಮತ್ತ ಕಟ್ಟಿದ ವಾರ್ಸಾ

ಹಳೇ ಮನಿ ಅಂದ್ರ ಯಾವುದು ಅಂತ ಯಾರರ ಕೇಳಿದ್ರ ನಾವು ಏನ್ ಹೇಳ್ತೀವಿ ಹೇಳ್ರಿ? ಮುತ್ತಜ್ಜ ಕಟ್ಟಿಸಿದ್ದು, ಅದೇ ತೊಲಿ, ಅದೇ ಕಂಬ, ಅದೇ ಹೊಸ್ತಿಲ ಇರೋದು ಅಂತೀವಿ. ಈ ಲೆಕ್ಕದಾಗ ನೋಡಿದ್ರ ಪೋಲಂಡ್ ದೇಶದ ರಾಜಧಾನಿ ವಾರ್ಸಾದ ‘ಹಳೇ ಊರು’ ಹಳೇದೇ ಅಲ್ಲ. ಅಲ್ಲಿ ಪ್ಯಾಟಿ ಚೌಕದಾಗ ನಿಂತ್ರ ಸುತ್ತಲೂ ಒಂದಕ್ಕೊಂದು ಹತ್ತಿಕೊಂಡ, ಎತ್ತರದ, ಬಣ್ಣ ಬಣ್ಣದ ಮನಿಗಳು. ಮುನ್ನೂರು ನಾನೂರು ವರ್ಷದ್ದು ಅನಸ್ತಾವ. ಖರೇ ಅಂದ್ರ ಹೆಚ್ಚಿನವು ಕಟ್ಟಿದ್ದು 1950ರ ಆಸುಪಾಸು. ನಮ್ಮ ಮನ್ಯಾಗಿನ ಎಷ್ಟೋ ಹಿರೇರಕಿಂತ ಸಣ್ಣವು! ಆದ್ರೂ 1980ರಾಗ ಯುನೆಸ್ಕೋದವರು ಈ ಹಳೇ ಊರನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ರು. ಹೊಸಾದು ಅಂತ ಗೊತ್ತಿದ್ದೂ ಯಾಕ ಸೇರಿಸಿದ್ರು ಅನ್ನೋದೇ ಇವತ್ತಿನ ಮಾತು.

1939ರ ಸೆಪ್ಟೆಂಬರ್ 1ಕ್ಕ ಹಿಟ್ಲರನ ಸೈನ್ಯ ಪೋಲಂಡ್ ಮ್ಯಾಲ ಬಂತು. ಸೆಪ್ಟೆಂಬರ್ 17ಕ್ಕ ವಾರ್ಸಾದ ಅರಮನಿಗೆ ಬೆಂಕಿ ಬಿತ್ತು; ಗೋಪುರದ ಗಡಿಯಾರ 11:15ಕ್ಕ ನಿಂತೇ ಬಿಟ್ತು. ಐದು ವರ್ಷ ಜುಲುಮಿ ಸಹಿಸಿದ ಊರ ಮಂದಿ 1944ರ ಆಗಸ್ಟ್ 1ಕ್ಕ ತಿರುಗಿ ಬಿದ್ರು. 63 ದಿನ ಹೋರಾಡಿ ಸೋತರು. ಒಂದೂವರೆ ಲಕ್ಷಕ್ಕೂ ಹೆಚ್ಚು ಸಾದಾ ಮಂದಿ ಸತ್ತರು. ಉಳಿದವರನ್ನ ಊರ ಬಿಡಿಸಿ ಹೊರಗ ಹಾಕಿದ್ರು. ಆಮ್ಯಾಲ ಮಾಡಿದ್ದು ಕೇಳ್ರಿ: ಖಾಲಿ ಊರಾಗ ಓಣಿ ಓಣಿಗೆ ಬೆಂಕಿ ಹಚ್ಚಿದ್ರು, ದೊಡ್ಡ ಕಟ್ಟಡಗಳಿಗೆ ಮದ್ದು ಇಟ್ಟು ಹಾರಿಸಿದ್ರು. ಲಡಾಯದಾಗ ಗುಂಡು ತಾಗಿ ಆದ ಹಾಳು ಅಲ್ಲ ಇದು. ಊರಿನ ಹೆಸರೇ ಅಳಿಸಬೇಕು ಅಂತ ಕೂತು ಮಾಡಿದ ಕೆಲಸ. ಹಳೇ ಊರಿನ ನೂರಕ್ಕ 85ಕಿಂತ ಹೆಚ್ಚು ಭಾಗ ನೆಲಸಮ ಆತು.

ಮನಿಗೆ ಬೆಂಕಿ ಬಿದ್ರ ನಾವು ಏನ್ ಹಿಡಕೊಂಡು ಓಡ್ತೀವಿ? ಮಕ್ಕಳು, ಬಂಗಾರ, ಕಾಗದಪತ್ರ. ವಾರ್ಸಾದವರು ಹೆಂಥಾ ಕಾಗದ ಉಳಿಸಿದ್ರು ಗೊತ್ತೇನು? ಊರಿನ ಅಳತಿ! ಯುದ್ಧಕ್ಕಿಂತ ಮೊದಲ ಅಲ್ಲಿನ ಪಾಲಿಟೆಕ್ನಿಕ್ಕಿನ ವಾಸ್ತುಶಿಲ್ಪದ ಮಾಸ್ತರರು, ಹುಡುಗರು, ಹುಡುಗ್ಯಾರು ಹಳೇ ಕಟ್ಟಡಗಳನ್ನ ಅಳತಿ ಮಾಡಿ ನಕ್ಷೆ ಬರದಿಟ್ಟಿದ್ರು. ಜರ್ಮನ್ನರ ಕಾಲದಾಗೂ ಆ ಕೆಲಸ ಗುಟ್ಟಾಗಿ ನಡದಿತ್ತು. ಊರು ಸುಡೋ ಹೊತ್ತಿನ್ಯಾಗ ಆ ನಕ್ಷೆಗಳನ್ನ ಪ್ಯೋತ್ರ್ಕುವ್ ಅನ್ನೋ ಊರಿಗೆ ಸಾಗಿಸಿ ಒಂದು ಮಠದಾಗ ಮುಚ್ಚಿಟ್ರು. ಇತ್ತ ಅರಮನ್ಯಾಗ, ವಸ್ತುಸಂಗ್ರಹಾಲಯದ ಮುಖ್ಯಸ್ಥ ಸ್ತಾನಿಸ್ವಾಫ್ ಲೊರೆಂಟ್ಸ್ ಮತ್ತವರ ಜೋಡಿಯವರು 1939ರಾಗೇ ಚಿತ್ರ, ಕೆತ್ತಿದ ಕಲ್ಲು, ಕಟಗಿ ಕೆಲಸದ ತುಂಡು, ಏನ್ ಸಿಗ್ತದ ಅದನ್ನ ಬಿಚ್ಚಿ ತಗದು ಬಚ್ಚಿಟ್ಟಿದ್ರು. ಸಿಕ್ಕಿಬಿದ್ರ ಜೀವಕ್ಕ ಸಂಚಕಾರ. ಆದ್ರೂ ಮಾಡಿದ್ರು.

1945ರ ಫೆಬ್ರುವರಿಯೊಳಗ ರಾಜಧಾನಿ ಮತ್ತ ಕಟ್ಟೋ ಕಚೇರಿ ಶುರು ಆತು. ಹಳೇ ಸ್ಮಾರಕಗಳ ಕೆಲಸ ಯಾನ್ ಜಖ್ವಾತೋವಿಚ್ ಅನ್ನೋ ವಾಸ್ತುಶಿಲ್ಪಿ ಪಾಲಿಗೆ ಬಂತು. ಬಿದ್ದದ್ದನ್ನ ಬಿದ್ದಂಗ ಕಾಯಬೇಕು, ಹೊಸಾದು ಕಟ್ಟಿ ಹಳೇದು ಅನ್ನಬಾರದು ಅನ್ನೋದು ಈ ವಿದ್ಯಾದ ನಿಯಮ. ಅವರಿಗೂ ಅದು ಗೊತ್ತಿತ್ತು. ಆದ್ರ ಒಂದು ದೇಶದ ನೆನಪನ್ನ ಬೇಕಂತಲೇ ಕಿತ್ತು ಹಾಕಿದಾಗ ನಿಯಮ ಹಿಡಕೊಂಡು ಕೂಡೋದು ಅಂದ್ರ ಕಿತ್ತವರ ಮಾತೇ ನಡಸಿದಂಗ, ಮುಂದಿನ ಮಕ್ಕಳಿಗೆ ಊರು ಕೊಡೋ ಜವಾಬ್ದಾರಿ ನಮ್ಮದು ಅನ್ನೋದು ಅವರ ವಾದ.

ನಕ್ಷೆ ಜೋಡಿ ಇನ್ನೊಂದು ಆಧಾರ ಸಿಕ್ತು. ಬೆರ್ನಾರ್ದೊ ಬೆಲ್ಲೊತ್ತೊ ಅಂತ ಇಟಲಿಯ ಚಿತ್ರಗಾರ, 1780ರಾಗ ತೀರಿಕೊಂಡಾವ. ಪೋಲಂಡಿನ ರಾಜನ ಆಸ್ಥಾನದಾಗ ಇದ್ದು ವಾರ್ಸಾದ ಓಣಿ, ಚರ್ಚು, ಮನಿಗಳನ್ನ ಕಿಡಕಿ ಕಿಡಕಿ ಎಣಿಸೋ ಹಂಗ ಬರದಿದ್ದ. ಆ ಚಿತ್ರ ಮುಂದ ಇಟ್ಟುಕೊಂಡು ಎಷ್ಟೋ ಕಟ್ಟಡದ ಮುಖ ತಿದ್ದಿದ್ರು. ಮಜಾ ಅಂದ್ರ ಬೆಲ್ಲೊತ್ತೊ ಅಲ್ಲಲ್ಲಿ ಚಂದ ಕಾಣಲಿ ಅಂತ ತನ್ನ ಕೈಯಿಂದ ಒಂದಿಷ್ಟು ಸೇರಿಸಿ ಬರದಿದ್ದ! ಹಿಂಗಾಗಿ ಇವತ್ತಿನ ಊರಾಗ ಚಿತ್ರದೊಳಗಿನ ಕಲ್ಪನಾನೂ ಒಂದೀಟು ಗ್ವಾಡಿ ಆಗಿ ನಿಂತದ.

ಕಟ್ಟಿದ್ದು ಕೌದಿ ಹೊಲದಂಗ. ರಾಡಿಯೊಳಗ ಸಿಕ್ಕ ಹಳೇ ಚೌಕಟ್ಟು, ಕೆತ್ತಿದ ಕಲ್ಲು ಆರಿಸಿ ಹೊಸ ಗ್ವಾಡಿಯೊಳಗ ಕೂಡ್ರಿಸಿದ್ರು. ಊರ ಮಂದಿ, ಹೆಣ್ಣು ಗಂಡು ಅನ್ನದ, ಸಾಲಾಗಿ ನಿಂತು ಇಟ್ಟಂಗಿ ಕೈಯಿಂದ ಕೈಗೆ ದಾಟಿಸಿದ್ರು. ಆದ್ರ ಕೌದಿಗೆ ಅರಿವಿ ಎಲ್ಲಿಂದರ ಬರಬೇಕಲ್ಲ? ವ್ರೊತ್ಸ್ವಾಫ್‌ನಂಥಾ, ಯುದ್ಧದ ಮೊದಲ ಜರ್ಮನಿಗೆ ಸೇರಿದ್ದ ಊರುಗಳಾಗ ಕಟ್ಟಡ ಕೆಡವಿ ರೈಲಿನ್ಯಾಗ ಇಟ್ಟಂಗಿ ತಂದರು. ವಾರ್ಸಾ ಎದ್ದು ನಿಂತಾಗ ಇನ್ನೊಂದು ಹಳೇ ಊರಿನ ಗ್ವಾಡಿ ಬಿದ್ದಾವ ಅನ್ನೋದೂ ಈ ಕತಿಯೊಳಗಿನ ಮಾತೇ. 1953ರ ಜುಲೈ 22ಕ್ಕ ಪ್ಯಾಟಿ ಚೌಕ ತಯಾರಾತು. ಮುಖ ಹಳೇದು, ಒಳಗ ಹೊಸಾದು: ನಳ, ಬಚ್ಚಲ, ಬೆಳಕು ಗಾಳಿ ಬರೋ ಅಂಗಳ. ಯುದ್ಧಕ್ಕಿಂತ ಮೊದಲ ಅಲ್ಲೇ ಬಡವರು ಇಕ್ಕಟ್ಟಿನ್ಯಾಗ ಇರ್ತಿದ್ರು.

ಅರಮನಿ ಮಾತ್ರ ಭಾಳ ವರ್ಷ ಖಾಲಿ ಜಾಗಾ ಆಗೇ ಇತ್ತು. ಅದರ ಮುಂದ, 1644ರಾಗ ನಿಲ್ಲಿಸಿದ ಸಿಗಿಸ್ಮುಂಡ್ ರಾಜನ ಕಂಬ 1949ರಾಗೇ ಮತ್ತ ಎದ್ದಿತ್ತು. ಕಂಬ ಹೊಸಾದು, ಮ್ಯಾಲಿನ ರಾಜನ ಮೂರ್ತಿ ಹಳೇದೇ. ಅರಮನಿ ಕಟ್ಟೋದು 1971ರಾಗ ಶುರು ಆತು. ಮಂದಿ ಕೊಟ್ಟ ರೊಕ್ಕದಾಗ ಕಟ್ಟಿದ್ರು. ಪರದೇಶದಾಗಿದ್ದ ಪೋಲಂಡಿನವರೂ ಕಳಿಸಿದ್ರು. 1974ರ ಜುಲೈ 19ಕ್ಕ ಗೋಪುರದ ಗಡಿಯಾರ ಚಾಲೂ ಮಾಡಿದ್ರು. ಎಷ್ಟಕ್ಕ? 11:15ಕ್ಕೇ. ಒಳಗಿನ ಕೆಲಸ ಮುಗದು ಮಂದಿಗೆ ಬಾಗಲಾ ತಗದಿದ್ದು 1984ರಾಗ.

ಹೆಣ್ಮಕ್ಕಳು ನಾವು ಒಂದು ಮೂರ್ತಿ ನೆನಪಿಡಬೇಕು. ವಿಸ್ತುಲಾ ಹೊಳಿ ದಂಡಿ ಮ್ಯಾಲ ಕತ್ತಿ ಎತ್ತಿದ ಮತ್ಸ್ಯಕನ್ಯೆ ಇದ್ದಾಳ. ಆಕಿ ವಾರ್ಸಾದ ಗುರುತು. 1939ರಾಗ ನಿಲ್ಲಿಸಿದ ಈ ಮೂರ್ತಿ ಮಾಡಿದಾಕಿ ಲುದ್ವಿಕಾ ನಿಚೋವಾ ಅನ್ನೋ ಶಿಲ್ಪಿ. ಮಾದರಿಯಾಗಿ ನಿಂತಾಕಿ ಕ್ರಿಸ್ತಿನಾ ಕ್ರಾಹೆಲ್ಸ್ಕಾ, ಪದ್ಯ ಬರೀತಿದ್ದ ಹುಡುಗಿ. 1944ರ ಹೋರಾಟದ ಮೊದಲ ದಿನಾನೇ ಗಾಯಾಳುಗಳ ಶುಶ್ರೂಷೆ ಮಾಡ್ಲಿಕ್ಕೆ ಹೋಗಿ ಗುಂಡು ತಾಗಿ, ಮರುದಿನ ತೀರಿಕೊಂಡ್ಳು. ಮೂವತ್ತರ ವಯಸ್ಸು. ಊರು ಸುಟ್ಟರೂ ಆಕಿ ಮೂರ್ತಿ ಉಳೀತು.

ಎಲ್ಲಾನೂ ಮತ್ತ ಕಟ್ಟಲಿಲ್ಲ. ಯುದ್ಧಕ್ಕಿಂತ ಮೊದಲ ವಾರ್ಸಾದಾಗ ಮೂರು ಲಕ್ಷಕ್ಕೂ ಹೆಚ್ಚು ಯಹೂದಿ ಮಂದಿ ಇದ್ರು. ಅವರನ್ನ ಒಂದು ಕಡೆ ಗ್ವಾಡಿ ಕಟ್ಟಿ ಕೂಡಿ ಹಾಕಿ, ಕಡೀಗೆ ಹೆಚ್ಚಿನವರನ್ನ ಸಾಯಿಸಿಬಿಟ್ರು. ಅವರ ದೊಡ್ಡ ಪ್ರಾರ್ಥನಾ ಮಂದಿರವನ್ನ 1943ರ ಮೇ 16ಕ್ಕ ಹಾರಿಸಿದ್ರು. ಅದು ಮತ್ತ ಏಳಲೇ ಇಲ್ಲ. ಅವರಿದ್ದ ಓಣಿಗಳ ರಾಡಿ ಮ್ಯಾಲೇ ಮುರಾನುವ್ ಅನ್ನೋ ಹೊಸ ಬಡಾವಣೆ ಕಟ್ಟಿದ್ರು. 1948ರಾಗ ಅಲ್ಲೇ ಅವರ ಸ್ಮಾರಕ ನಿಂತದ. ಅದಕ್ಕ ಬಳಸಿದ ಕಲ್ಲು, ಜರ್ಮನ್ನರು ತಮ್ಮ ಗೆಲುವಿನ ಸ್ಮಾರಕಕ್ಕಂತ ತರಿಸಿದ್ದು. ಮನಿ ಮತ್ತ ಏಳಬೇಕಂದ್ರ ‘ಇದು ನಮ್ಮ ಮನಿ’ ಅನ್ನೋರು ಉಳಿದಿರಬೇಕು. ಇಲ್ಲಿ ಹಂಗ ಅನ್ನೋರು ಭಾಳ ಕಡಿಮಿ ಉಳಿದಿದ್ರು.

ನಮ್ಮ ಕಡೆಗೂ ಒಂದು ಎಳಿ ಬಂದದ. ನಾವು ಮಹಾಲಕ್ಷ್ಮಿ ದರ್ಶನಕ್ಕ ಹೋಗೋ ಕೊಲ್ಲಾಪುರದ ಹತ್ರ ವಳಿವಡೆ ಊರಾಗ, 1943ರಿಂದ ಒಂದೈದು ವರ್ಷ ಸುಮಾರು 5,000 ಪೋಲಂಡಿನ ನಿರಾಶ್ರಿತರು ಇದ್ರು. ಹೆಚ್ಚಿನವರು ಹೆಣ್ಮಕ್ಕಳು, ಸಣ್ಣ ಹುಡುಗರು. ಆ ನೆನಪಿಗೆ ವಾರ್ಸಾದಾಗ ಕೊಲ್ಲಾಪುರದ ಹೆಸರಿಲೇ ಒಂದು ಸ್ಮಾರಕ ಅದ.

ಅಂದಮ್ಯಾಲ ವಾರ್ಸಾದ ಹಳೇ ಊರು ಖರೇನೋ ಸುಳ್ಳೋ? ಇಟ್ಟಂಗಿ ವಯಸ್ಸು ಕೇಳಿದ್ರ ಹೊಸಾದು. ಯುನೆಸ್ಕೋದವರು ನೋಡಿದ್ದು ಇಟ್ಟಂಗಿ ವಯಸ್ಸಲ್ಲ, ಹೋದದ್ದನ್ನ ಇಷ್ಟು ಪೂರ್ತಿಯಾಗಿ ಮತ್ತ ನಿಲ್ಲಿಸಿದ ಕೆಲಸ. ಆ ಕೆಲಸ ಆಗಿದ್ದು ಯಾರೋ ಮೊದಲೇ ಅಳತಿ ಬರದಿಟ್ಟಿದ್ದಕ್ಕ. ಈಗ ನಮ್ಮಲ್ಲೂ ಓಣಿಗೊಂದು ಹಳೇ ಮನಿ ಕೆಡವಲಿಕ್ಕೆ ಹತ್ಯಾರ. ಕೆಡವ್ರಿ, ಬ್ಯಾಡ ಅನ್ನಂಗಿಲ್ಲ. ಸಂಸಾರಕ್ಕ ಅನುಕೂಲ ಬೇಕಲ್ಲ. ಆದ್ರ ಗೌಂಡಿ ಬರೋ ಹಿಂದಿನ ದಿನ ಟೇಪು ಹಿಡದು ಪಡಸಾಲಿ, ಅಡಗಿಮನಿ, ದೇವರಮನಿ ಅಳೀರಿ. ಬಾಗಲದ ಕೆತ್ತನಿ, ದೀಪದ ಗೂಡು ಫೋಟೋ ತಗೀರಿ. ಯಾವ ಖೋಲಿಯೊಳಗ ಯಾರ ಬಾಣಂತನ ಆತು, ಅದನ್ನೂ ಒಂದು ನೋಟುಬುಕ್ಕಿನ್ಯಾಗ ಬರದಿಡ್ರಿ.