ಮತ್ತೋಡಿನ ಕುಲುಮೆ, ದೇವಾಲಯದ ಕಿಟಕಿ: ತುಮಕೂರು ಸೀಮೆಯ ಗಾಜಿನ ಇತಿಹಾಸಕ್ಕೊಂದು ದೈವಶಾಸ್ತ್ರೀಯ ಓದು

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ದೇವಾರಾಧನಾ ಸಂವಿಧಾನದ ಏಳನೆಯ ಅಧ್ಯಾಯವು ಪವಿತ್ರ ಕಲೆಯನ್ನು ಕುರಿತದ್ದಾಗಿದೆ. ಧರ್ಮಸಭೆಯು ಯಾವುದೇ ಒಂದು ಕಲಾಶೈಲಿಯನ್ನು ತನ್ನದೆಂದು ಪರಿಗ್ರಹಿಸಿಲ್ಲವೆಂಬುದು ಅದರ 123ನೆಯ ಪರಿಚ್ಛೇದದ ಸಾರ. ಈ ಮಾತು ನಮ್ಮ ತರಗತಿಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅಷ್ಟಾಗಿ ಕೇಳಿಬಾರದಿರುವುದು 129ನೆಯ ಪರಿಚ್ಛೇದ. ಗುರುವಿದ್ಯಾರ್ಥಿಗಳು ತತ್ತ್ವಶಾಸ್ತ್ರ ಹಾಗೂ ದೈವಶಾಸ್ತ್ರಗಳ ವ್ಯಾಸಂಗದ ಕಾಲದಲ್ಲಿಯೇ ಪವಿತ್ರ ಕಲೆಯ ಇತಿಹಾಸವನ್ನೂ ಬೆಳವಣಿಗೆಯನ್ನೂ ಅರಿಯಬೇಕೆಂದು ಅದು ವಿಧಿಸುತ್ತದೆ. ನಾಳೆ ದೇವಾಲಯ ಕಟ್ಟಿಸಬೇಕಾದವರೂ, ಹಳೆಯ ದೇವಾಲಯವನ್ನು ಕಾಪಾಡಬೇಕಾದವರೂ ಅವರೇ ಆದುದರಿಂದ ಈ ವಿಧಿ ಸಹಜವಾದುದು.

ಆ ವ್ಯಾಸಂಗದ ಒಂದು ಅಧ್ಯಾಯವನ್ನು ನಮ್ಮ ಸೀಮೆಯಿಂದಲೇ ಆರಂಭಿಸಬಹುದೆಂಬುದು ಈ ಲೇಖನದ ಆಶಯ. ಅದರ ವಸ್ತು ಗಾಜು, ಅದರಲ್ಲಿಯೂ ಕುಲುಮೆಯ ಶಾಖದಲ್ಲಿ ರೂಪ ತಳೆಯುವ ಗಾಜು. ತುಮಕೂರು, ಗುಬ್ಬಿ, ಕುಣಿಗಲ್‌ಗಳ ಸುತ್ತಮುತ್ತ ಗಾಜೆಂದರೆ ಶತಮಾನಗಳ ಕಾಲ ಬಳೆಯೇ ಆಗಿತ್ತು. ದೇವಾಲಯದ ಗಾಜಾದರೋ ಹಡಗಿನಲ್ಲಿ ಬಂದಿತು. ಈ ಎರಡು ಗಾಜುಗಳು ಎಲ್ಲಿಯೂ ಸಂಧಿಸದೆ ಹೋದುದೇಕೆ? ಇನ್ನಾದರೂ ಸಂಧಿಸಬಲ್ಲವೇ?

1. ಚೌಳು ಮಣ್ಣಿನಿಂದ ಬಳೆಗೆ

1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಬಳಿಕ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ವೈದ್ಯ ಫ್ರಾನ್ಸಿಸ್ ಬುಕಾನನ್ 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದನು. ಅವನ ಪ್ರವಾಸ ವರದಿಯು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಪ್ರಕಟವಾಯಿತು. ಬೆಳೆ, ನೇಯ್ಗೆ, ಕಬ್ಬಿಣ, ಸಂತೆ, ಸುಂಕ ಎಲ್ಲವೂ ಅದರಲ್ಲಿವೆ. ತುಮಕೂರು, ಗುಬ್ಬಿಗಳೂ ಅವನ ಮಾರ್ಗದಲ್ಲಿದ್ದವು; ಗುಬ್ಬಿಯ ಸಂತೆಯ ವ್ಯಾಪಾರವನ್ನು ಅವನು ವಿವರವಾಗಿ ದಾಖಲಿಸಿದ್ದಾನೆ.

ಗಾಜಿನ ವಿಷಯದಲ್ಲಿ ಅವನ ವರದಿಯ ಎರಡು ಊರುಗಳು ಮುಖ್ಯ. ಒಂದು ಚನ್ನಪಟ್ಟಣ, ಅಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವವರೊಡನೆ ಬಳೆಯ ಗಾಜಿನ ಕೆಲಸವನ್ನೂ ಅವನು ಕಂಡನು. ಇನ್ನೊಂದು ಇಂದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡು. ನಕ್ಷೆಯ ಮೇಲೆ ನೋಡಿದರೆ ಚನ್ನಪಟ್ಟಣವು ಕುಣಿಗಲ್‌ನ ಆಗ್ನೇಯಕ್ಕೂ ಮತ್ತೋಡು ಗುಬ್ಬಿಯ ವಾಯವ್ಯಕ್ಕೂ ಇವೆ. ನಮ್ಮ ಮೂರು ಊರುಗಳು ಈ ಎರಡು ಕುಲುಮೆಗಳ ನಡುವಣ ನಾಡು.

ಮತ್ತೋಡಿನ ವಿವರಣೆ ಕುತೂಹಲಕರವಾದುದು. ಊರಿನ ಕೋಟೆಗೋಡೆಯ ಒಳಮೈಗೆ ಒತ್ತಿಕೊಂಡಂತೆ ಎತ್ತರದ ಮಣ್ಣಿನ ಜಗಲಿ. ಆ ಜಗಲಿಯಲ್ಲಿಯೇ ಗುಮ್ಮಟದಾಕಾರದ ಕುಲುಮೆಗಳು. ಒಳಗೆ ಮಣ್ಣಿನ ಮೂಸೆಗಳು. ಮೂಸೆಗೆ ಬೀಳುತ್ತಿದ್ದುದು ಮುಖ್ಯವಾಗಿ ಎರಡು ವಸ್ತುಗಳು: ಪುಡಿಮಾಡಿದ ಬಿಳಿಯ ಬೆಣಚುಕಲ್ಲು ಮತ್ತು ಚೌಳು ನೆಲದಿಂದ ತೆಗೆದ ಸೋಡಾ. ಬೆಣಚುಕಲ್ಲು ತಾನೊಂದೇ ಕರಗಬೇಕಾದರೆ 1700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು; ಸೌದೆಯ ಕುಲುಮೆಗೆ ಅದು ಅಸಾಧ್ಯ. ಸೋಡಾ ಬೆರೆತಾಗ ಕರಗುವ ಶಾಖವು ನೂರಾರು ಡಿಗ್ರಿಗಳಷ್ಟು ಇಳಿಯುತ್ತದೆ. ರೈತನು ಬೆಳೆ ಬಾರದ ನೆಲವೆಂದು ಕೈಬಿಟ್ಟ ಚೌಳು ಭೂಮಿಯೇ ಗಾಜುಗಾರನ ಗಣಿಯಾಯಿತು. ಮೆಡಿಟರೇನಿಯನ್ ತೀರದಲ್ಲಿಯೂ ಸೂತ್ರ ಇದೇ ಆಗಿತ್ತು. ಸೋಡಾ ವ್ಯಾಪಾರಿಗಳು ಬೇಲುಸ್ ನದಿಯ ಮರಳಿನ ಮೇಲೆ ಒಲೆ ಹೂಡಿದಾಗ ಗಾಜು ಹರಿಯಿತೆಂಬ ಐತಿಹ್ಯವನ್ನು ಪ್ಲೀನಿಯು ತನ್ನ ನಿಸರ್ಗ ಚರಿತ್ರೆಯ 36ನೆಯ ಪುಸ್ತಕದಲ್ಲಿ ಹೇಳುತ್ತಾನೆ.

ನಮ್ಮ ಬಳೆಯ ಗಾಜು ಬಹುಮಟ್ಟಿಗೆ ಅಪಾರದರ್ಶಕವಾಗಿತ್ತು: ಕಪ್ಪು, ಹಸಿರು, ಕೆಂಪು, ನೀಲಿ. ತಾಮ್ರವೊಂದೇ ಎರಡು ಬಣ್ಣಗಳನ್ನು ಕೊಡಬಲ್ಲದು. ಗಾಳಿಯಾಡುವ ಉರಿಯಲ್ಲಿ ಅದು ಹಸಿರು ಅಥವಾ ನೀಲಿ. ಗಾಳಿ ಕಡಿಮೆಯಾಗಿ ಹೊಗೆ ತುಂಬಿದ ಉರಿಯಲ್ಲಿ ಕೆಂಪು. ಉರಿಯ ಹದವನ್ನು ಕಣ್ಣಿನಿಂದಲೇ ಅಳೆಯಬಲ್ಲವನಿಗೆ ಮಾತ್ರ ಈ ವಿದ್ಯೆ ಒಲಿಯುತ್ತಿತ್ತು. ಕಬ್ಬಿಣದ ಸಲಾಕೆಯ ತುದಿಯಲ್ಲಿ ಕಾದ ಗಾಜಿನ ಉಂಡೆಗೆ ತೂತು ಮಾಡಿ, ತಿರುಗಿಸುತ್ತ ಹಿಗ್ಗಿಸಿ, ಶಂಕುವಿನಾಕಾರದ ಅಚ್ಚಿಗೆ ಏರಿಸಿ ಬೆಸುಗೆಯಿಲ್ಲದ ಬಳೆಯನ್ನು ತೆಗೆಯುವುದು ಭಾರತದ ಹಳೆಯ ಕ್ರಮ.

ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಬೊಹೆಮಿಯಾದ ಅಗ್ಗದ ಬಳೆಗಳು ಭಾರತದ ಮಾರುಕಟ್ಟೆಯನ್ನು ತುಂಬಿದವು. ಮೊದಲನೆಯ ಮಹಾಯುದ್ಧದ ತರುವಾಯ ಜಪಾನಿನ ಬಳೆಗಳು ಬಂದವು. ಆಮೇಲೆ ಫಿರೋಜಾಬಾದ್ ಇಡೀ ದೇಶಕ್ಕೆ ಬಳೆ ತೊಡಿಸಿತು. ಬಳೆಗಾರನು ಉಳಿದನು, ಅವನ ಬೆನ್ನ ಹಿಂದಿದ್ದ ಸ್ಥಳೀಯ ಕುಲುಮೆ ಆರಿತು.

2. ಗುರು ಥಿಯೊಫಿಲಸ್ ಬರೆದಿಟ್ಟದ್ದು

ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ, ಜರ್ಮನ್ ನಾಡಿನಲ್ಲಿ ಬಾಳಿದ ಸನ್ಯಾಸಿ ಗುರುವೊಬ್ಬನು ಥಿಯೊಫಿಲಸ್ ಎಂಬ ಹೆಸರಿನಲ್ಲಿ ವಿವಿಧ ಕಲೆಗಳನ್ನು ಕುರಿತು ಲತೀನಿನಲ್ಲಿ ಒಂದು ಗ್ರಂಥವನ್ನು ಬರೆದನು. ಮೊದಲನೆಯ ಪುಸ್ತಕ ವರ್ಣಚಿತ್ರ, ಎರಡನೆಯದು ಗಾಜು, ಮೂರನೆಯದು ಲೋಹ. ಮೂರನೆಯ ಪುಸ್ತಕದ ಮುನ್ನುಡಿಯಲ್ಲಿ ಪವಿತ್ರಾತ್ಮರ ಏಳು ವರಗಳನ್ನು ಒಂದೊಂದಾಗಿ ಕುಶಲಕರ್ಮಿಯ ಕೆಲಸಕ್ಕೆ ಅನ್ವಯಿಸುತ್ತಾನೆ.

ಅವನ ಗಾಜಿನ ಪಾಕದಲ್ಲಿ ಚೌಳು ಮಣ್ಣಿನ ಸ್ಥಾನವನ್ನು ಬೀಚ್ ಮರದ ಬೂದಿ ತುಂಬುತ್ತದೆ: ಎರಡು ಪಾಲು ಬೂದಿ, ಒಂದು ಪಾಲು ಮರಳು. ಕಿಟಕಿಗಾಗಿ ಬಣ್ಣದ ಗಾಜನ್ನು ಕಾದ ಕಬ್ಬಿಣದಿಂದ ಸೀಳಿ, ಅಂಚನ್ನು ಕಬ್ಬಿಣದ ಹಲ್ಲಿನಿಂದ ಕಚ್ಚಿ ಸರಿಪಡಿಸಬೇಕು. ಮುಖ, ಕೈ, ಉಡುಪಿನ ನೆರಿಗೆಗಳನ್ನು ಬರೆಯಲು ಸುಟ್ಟ ತಾಮ್ರದ ಪುಡಿಯನ್ನು ಹಸಿರು ಮತ್ತು ನೀಲಿ ಗಾಜಿನ ಪುಡಿಯೊಡನೆ ಅರೆದು ಬಣ್ಣ ಮಾಡಬೇಕು. ಬಳಿಕ ಅದನ್ನು ಸುಡಬೇಕು. ಬಳುಕುವ ಕಡ್ಡಿಗಳನ್ನು ನೆಲದಲ್ಲಿ ನೆಟ್ಟು ಕಮಾನಿನಂತೆ ಬಗ್ಗಿಸಿ, ಕುದುರೆಯ ಲದ್ದಿ ಬೆರೆಸಿದ ಜೇಡಿಯನ್ನು ಮೆತ್ತಿದರೆ ಅದೇ ಕುಲುಮೆ. ಒಳಗೆ ಕಬ್ಬಿಣದ ತಗಡು. ಗಾಜು ತಗಡಿಗೆ ಅಂಟದಂತೆ ಅದರ ಮೇಲೆ ಸುಣ್ಣ ಅಥವಾ ಬೂದಿಯ ತೆಳು ಹಾಸು.

ಮತ್ತೋಡಿನ ಗಾಜುಗಾರನನ್ನೂ ಥಿಯೊಫಿಲಸನನ್ನೂ ಏಳು ಶತಮಾನಗಳೂ ಒಂದು ಸಾಗರವೂ ಬೇರ್ಪಡಿಸುತ್ತವೆ. ಆದರೂ ಕ್ಷಾರ, ಮರಳು, ಜೇಡಿ, ಸೌದೆ, ತಾಮ್ರ ಇಬ್ಬರಿಗೂ ಸಮಾನ. ಒಬ್ಬನ ವಿದ್ಯೆಗೆ ಬಲಿಪೀಠದ ನೆರೆಯಲ್ಲಿ ಸ್ಥಾನ ದೊರೆಯಿತು, ಮತ್ತು ಅದನ್ನು ಬರೆದಿಡಲು ಒಬ್ಬ ಗುರುವಿದ್ದನು. ಇನ್ನೊಬ್ಬನ ವಿದ್ಯೆಯನ್ನು ದಾರಿಹೋಕ ಅಧಿಕಾರಿಯೊಬ್ಬನು ಕೆಲವು ಪುಟಗಳಲ್ಲಿ ಬರೆದುಕೊಂಡು ಮುಂದೆ ನಡೆದನು.

3. ಸಂತೆಗೆ ಬಂದ ವಾಕ್ಯ, ಹಡಗಿನಲ್ಲಿ ಬಂದ ಬೆಳಕು

ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲಿ ನೆಲೆ ಹೂಡಿದರು. 1839ರಲ್ಲಿ ಭಾರತಕ್ಕೆ ಬಂದ ವಿಲಿಯಂ ಆರ್ಥರ್ ಅಲ್ಲಿ ಅಲ್ಪಕಾಲ ದುಡಿದು, ಅನಾರೋಗ್ಯದಿಂದ 1841ರಲ್ಲಿ ಹಿಂದಿರುಗಿದರು. ಅವರ ಮೈಸೂರು ಮಿಷನ್ನಿನ ವೃತ್ತಾಂತವು 1847ರಲ್ಲಿ ಅಚ್ಚಾಯಿತು. ಆ ತಲೆಮಾರಿನವರು ಕನ್ನಡವನ್ನು ಶ್ರದ್ಧೆಯಿಂದ ಕಲಿತರು. ಒಂದೊಂದು ದೈವಶಾಸ್ತ್ರೀಯ ಪದಕ್ಕೂ ಕನ್ನಡದಲ್ಲಿ ತಕ್ಕ ಶಬ್ದ ಯಾವುದೆಂಬ ಚರ್ಚೆಯು ಕಥೋಲಿಕರಲ್ಲಿಯೂ ಪ್ರೊಟೆಸ್ಟೆಂಟರಲ್ಲಿಯೂ ನಡೆದೇ ಇತ್ತು. ವಾಕ್ಯವು ಈ ನೆಲದ ನುಡಿಯನ್ನು ಉಡಬೇಕೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ.

ಕಿಟಕಿಯ ವಿಷಯದಲ್ಲಿ ಅಂಥ ಚರ್ಚೆ ಹುಟ್ಟಲಿಲ್ಲ. ತುಮಕೂರು ಜಿಲ್ಲೆಯನ್ನೂ ಒಳಗೊಂಡ ನಮ್ಮ ಬೆಂಗಳೂರು ಮಹಾಧರ್ಮಕ್ಷೇತ್ರದಲ್ಲಿ ಶಿವಾಜಿನಗರದ ಸಂತ ಮರಿಯಮ್ಮನವರ ಮಹಾದೇವಾಲಯವು 1882ರಲ್ಲಿ ಅಭಿಷಿಕ್ತವಾಯಿತು. ಅದರ ಬಣ್ಣದ ಗಾಜುಗಳನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಳಚಿ ಕಾಪಾಡಿ, 1947ರಲ್ಲಿ ಮರಳಿ ಕೂಡಿಸಲಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲಿಟ್ಟ ಸಂತ ಫಿಲೋಮಿನಾ ದೇವಾಲಯದ ಗಾಜುಗಳಲ್ಲಿ ಕ್ರಿಸ್ತಜನನ, ಕಡೆಯ ಭೋಜನ, ಶಿಲುಬೆ, ಸ್ವರ್ಗಾರೋಹಣಗಳು ಬೆಳಗುತ್ತವೆ. ಇವುಗಳ ಮುಂದೆ ಪೀಳಿಗೆಗಳು ಪ್ರಾರ್ಥಿಸಿವೆ, ಇವು ನಮ್ಮವೇ. ಆದರೆ ಇವು ನಮ್ಮ ಕುಲುಮೆಯಿಂದ ಬಂದವಲ್ಲ. ಪಾರದರ್ಶಕವಾದ ಹಲಗೆಗಾಜು ನಮ್ಮ ಬಳೆಗಾರರ ವಿದ್ಯೆಯಲ್ಲಿರಲಿಲ್ಲವೆಂಬುದು ಇದಕ್ಕೆ ನ್ಯಾಯವಾದ ಕಾರಣ. ಆ ವಿದ್ಯೆಯನ್ನು ಕಲಿಸಬಹುದೆಂದಾಗಲಿ, ಕಪ್ಪು ಹಸಿರು ಗಾಜಿನ ತುಣುಕುಗಳಿಂದಲೇ ಗೋಡೆಯ ಮೇಲೆ ಚಿತ್ರ ಜೋಡಿಸಬಹುದೆಂದಾಗಲಿ ಯೋಚನೆ ನಡೆದಿದ್ದರೆ ಅದು ಫಲಿಸಲಿಲ್ಲವೆಂಬುದಂತೂ ಕಣ್ಣಿಗೆ ಕಾಣುವ ಸಂಗತಿ.

ಇಂದಿನ ಸ್ಥಿತಿ ಇನ್ನೊಂದು ಬಗೆಯದು. ಹೊಸ ದೇವಾಲಯಗಳಲ್ಲಿ ಹಲವೆಡೆ ಸಾದಾ ಗಾಜಿನ ಮೇಲೆ ಅಚ್ಚೊತ್ತಿದ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಲಾಗುತ್ತಿದೆ. ಕೆಲವೇ ವರ್ಷಗಳ ಬಿಸಿಲಿಗೆ ಅದು ಮಾಸುತ್ತದೆ, ಅಂಚು ಸುರುಳುತ್ತದೆ. ಬಡ ಧರ್ಮಕೇಂದ್ರದ ಜೇಬನ್ನು ಬಲ್ಲವರಾರೂ ಇದನ್ನು ಹೀಗಳೆಯಲಾರರು. ಆದರೆ ಅದೊಂದೇ ದಾರಿಯೆಂದು ತಿಳಿಯಬೇಕಾಗಿಲ್ಲ.

4. ಕುಲುಮೆಯ ಗಾಜನ್ನು ಕುರಿತು ಗುರುಗಳು ತಿಳಿದಿರಬೇಕಾದದ್ದು

ಇಂದು ಸಣ್ಣ ವಿದ್ಯುತ್ ಕುಲುಮೆಯೊಂದರಲ್ಲಿಯೇ ದೇವಾಲಯದ ಗಾಜನ್ನು ರೂಪಿಸಬಹುದು. ಕೆಲಸ ಒಪ್ಪಿಸುವ ಗುರುವಿಗೆ ಅದರ ಮೂಲತತ್ತ್ವಗಳಾದರೂ ತಿಳಿದಿರಬೇಕು.

ಬಣ್ಣ ಬರೆದ ಗಾಜನ್ನು ಸಾಮಾನ್ಯವಾಗಿ 600ರಿಂದ 680 ಡಿಗ್ರಿಯವರೆಗೆ ಸುಡುತ್ತಾರೆ. ಬಣ್ಣವು ಗಾಜಿನ ಮೈಗೆ ಕರಗಿ ಕೂಡುತ್ತದೆ. ಹೆಚ್ಚುಕಡಿಮೆ 650ರಿಂದ 700ರಲ್ಲಿ ಗಾಜು ಮೆದುವಾಗಿ ಅಚ್ಚಿನೊಳಕ್ಕೆ ಬಾಗುತ್ತದೆ. 730ರಿಂದ 760ರಲ್ಲಿ ತುಣುಕುಗಳು ತಮ್ಮ ಆಕಾರ ಉಳಿಸಿಕೊಂಡೇ ಒಂದಕ್ಕೊಂದು ಅಂಟುತ್ತವೆ. 800ರ ಆಸುಪಾಸಿನಲ್ಲಿ ಪೂರ್ಣವಾಗಿ ಬೆರೆತು ಒಂದೇ ಹಲಗೆಯಾಗುತ್ತವೆ. ಹೀಗೆ ಕರಗಿದ ಗಾಜು ತಾನಾಗಿಯೇ ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಬರಲೆಳಸುತ್ತದೆ. ಅದಕ್ಕಿಂತ ತೆಳುವಾದರೆ ಅಂಚು ಒಳಕ್ಕೆ ಸೆಳೆಯುತ್ತದೆ, ದಪ್ಪವಾದರೆ ಹೊರಕ್ಕೆ ಹರಡುತ್ತದೆ. ಕುಲುಮೆಯ ಹಲಗೆಗೆ ಅಲ್ಯೂಮಿನಾ ಮತ್ತು ಕೇಯೋಲಿನ್ ಮಣ್ಣಿನ ಲೇಪವನ್ನು ಬಳಿಯುತ್ತಾರೆ. ಇದು ಥಿಯೊಫಿಲಸನ ಬೂದಿಯ ಹಾಸಿನ ಇಂದಿನ ರೂಪ.

ಎರಡು ಎಚ್ಚರಿಕೆಗಳನ್ನು ಮರೆಯಲಾಗದು. ಮೊದಲನೆಯದು, ಬೆರೆಯುವ ಗಾಜುಗಳು ಶಾಖಕ್ಕೆ ಹಿಗ್ಗುವ ಪ್ರಮಾಣವು ಒಂದೇ ಆಗಿರಬೇಕು. ಬೇರೆ ಬೇರೆ ಮೂಲದ ಎರಡು ಗಾಜುಗಳು ಕುಲುಮೆಯೊಳಗೆ ಸುಂದರವಾಗಿ ಕೂಡಿಕೊಂಡು, ಹೊರಬಂದು ತಣಿಯುವಾಗ ಅಥವಾ ವಾರಗಳ ಮೇಲೆ ಸೀಳಬಹುದು. ಎರಡನೆಯದು ತಣಿಸುವ ಕ್ರಮ. ಕಲಾಗಾಜನ್ನು ಸುಮಾರು 480ರಿಂದ 520 ಡಿಗ್ರಿಯಲ್ಲಿ, ಕಿಟಕಿಯ ಸಾದಾ ಗಾಜನ್ನು ಇನ್ನೂ ತುಸು ಹೆಚ್ಚಿನ ಶಾಖದಲ್ಲಿ ತಡೆಹಿಡಿದು, ಅನಂತರ ಬಹು ನಿಧಾನವಾಗಿ ಇಳಿಸಬೇಕು. ಇಲ್ಲವಾದರೆ ಮೈ ತಣ್ಣಗಾಗಿ ಒಡಲು ಬಿಸಿಯಾಗಿಯೇ ಉಳಿದು, ಕಣ್ಣಿಗೆ ಕಾಣದ ಬಿಗಿತವು ಗಾಜಿನೊಳಗೆ ಸೇರಿಕೊಳ್ಳುತ್ತದೆ. ಗಾಜಿನ ಕೆಲಸದಲ್ಲಿ ಹೆಚ್ಚಿನ ಹೊತ್ತು ಹಿಡಿಯುವುದು ಈ ತಣಿಸುವಿಕೆಯೇ. ಹಬ್ಬದ ದಿನವನ್ನು ಮೊದಲೇ ಗೊತ್ತುಮಾಡಿ ಕುಶಲಕರ್ಮಿಯನ್ನು ಅವಸರಪಡಿಸುವವರು ಇದನ್ನು ನೆನಪಿಡುವುದು ಲೇಸು.

5. ಒಡೆದ ಬಳೆ

ಹಳೆಯ ಒಡಂಬಡಿಕೆಯ ಹಿಬ್ರೂ ಮೂಲದಲ್ಲಿ ಗಾಜಿನ ಹೆಸರು ಬರುವುದು ಒಂದೇ ಸಲ, ಯೋಬನ ಗ್ರಂಥದ 28ನೆಯ ಅಧ್ಯಾಯದಲ್ಲಿ. ಅಲ್ಲಿ ಅದು ಚಿನ್ನದ ಪಕ್ಕದಲ್ಲಿ ನಿಂತು, ಜ್ಞಾನದ ಬೆಲೆಗೆ ಎರಡೂ ಸಾಟಿಯಲ್ಲವೆಂದಾಗುತ್ತದೆ. ಆ ಕಾಲಕ್ಕೆ ಗಾಜು ಅಷ್ಟು ದುರ್ಲಭ. ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ಸಿರಿಯಾ ಮತ್ತು ಪಲೆಸ್ತೀನ್ ಸೀಮೆಯಲ್ಲಿ ಊದುವ ವಿದ್ಯೆ ಹುಟ್ಟಿದ ಮೇಲೆ ಗಾಜು ಸಾಮಾನ್ಯರ ಮನೆಗೂ ಬಂದಿತು. ಪ್ರಕಟನಾ ಗ್ರಂಥದಲ್ಲಿ ಬೆಂಕಿ ಬೆರೆತ ಗಾಜಿನ ಕಡಲೂ ಗಾಜಿನಂತೆ ತಿಳಿಯಾದ ನಗರವೂ ಕಾಣುವುದು ಈ ಬದಲಾವಣೆಯ ಅನಂತರ.

ಊದಿದ ಗಾಜಿನ ಈ ಲೋಕದಿಂದಲೇ ಯೆಹೂದ್ಯ ಗುರುಗಳ ಒಂದು ವಾದ ಹುಟ್ಟಿತು. ಆದಿಕಾಂಡದ ಮಿದ್ರಾಷ್‌ನಲ್ಲಿಯೂ ತಾಲ್ಮೂದಿನ ಸನ್ಹೆದ್ರಿನ್ ಭಾಗದಲ್ಲಿಯೂ ಅದು ಬರುತ್ತದೆ. ಸುಟ್ಟ ಮಣ್ಣಿನ ಮಡಕೆ ಒಡೆದರೆ ಮುಗಿಯಿತು. ಗಾಜು ಒಡೆದರೆ ಮತ್ತೆ ಕರಗಿಸಿ ರೂಪಿಸಬಹುದು. ಮನುಷ್ಯನ ಉಸಿರಿನಿಂದಾದ ಪಾತ್ರೆಗೇ ಹೀಗಿರುವಾಗ ದೇವರ ಉಸಿರಿನಿಂದಾದ ಮನುಷ್ಯನಿಗೆ ಪುನರುತ್ಥಾನವು ಅಸಾಧ್ಯವೇ ಎಂಬುದು ಅದರ ತಿರುಳು. ಮಿದ್ರಾಷ್ ಈ ವಾದವನ್ನು ಮಗನನ್ನು ಕಳೆದುಕೊಂಡ ತಂದೆಯ ಮನೆಯಲ್ಲಿ ನಡೆದ ಮಾತುಕತೆಯಾಗಿ ನಿರೂಪಿಸುತ್ತದೆ. ಇದು ಕುಲುಮೆಯ ಅನುಭವಕ್ಕೆ ಸರಿಹೊಂದುವ ಮಾತು. ಒಡೆದ ಗಾಜು ಹೊಸ ಮಿಶ್ರಣಕ್ಕಿಂತ ಕಡಿಮೆ ಶಾಖದಲ್ಲಿ ಕರಗುವುದರಿಂದ ಗಾಜುಗಾರನು ಅದನ್ನು ಎಸೆಯುವುದಿಲ್ಲ.

ನಮ್ಮ ನಾಡಿನಲ್ಲಿ ಒಡೆದ ಗಾಜಿಗೆ ಇನ್ನೊಂದು ಅರ್ಥವಿದೆ. ಗಂಡ ತೀರಿಕೊಂಡಾಗ ಹೆಂಡತಿಯ ಕೈಬಳೆಗಳನ್ನು ಒಡೆಯುತ್ತಾರೆ. ಕ್ರೈಸ್ತ ಕುಟುಂಬಗಳಲ್ಲಿಯೂ ಅಲ್ಲಲ್ಲಿ ಈ ಪದ್ಧತಿ ಉಳಿದಿರುವುದನ್ನು ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸಿದವರು ಬಲ್ಲರು. ಅಂತ್ಯಕ್ರಿಯೆಯ ಬೋಧನೆಯಲ್ಲಿ ನಾವು ಪುನರುತ್ಥಾನವನ್ನು ಸಾರುತ್ತೇವೆ. ಅದೇ ಮನೆಯ ಹಿಂಬದಿಯಲ್ಲಿ ಬಳೆಯ ಚೂರುಗಳು ಆ ಸ್ತ್ರೀಯ ಬಾಳು ಮುಗಿಯಿತೆಂದು ಸಾರುತ್ತಿರುತ್ತವೆ. ಎರಡು ಬೋಧನೆಗಳಲ್ಲಿ ಯಾವುದನ್ನು ಆಕೆ ನಂಬಬೇಕು? ಗಾಜಿನ ಸ್ವಭಾವವನ್ನು ಬಲ್ಲ ಗುರುವಿಗೆ ಇಲ್ಲಿ ಹೇಳಲು ಮಾತಿದೆ: ಒಡೆದದ್ದು ಕುಲುಮೆಯ ದೃಷ್ಟಿಯಲ್ಲಿ ಮುಗಿದದ್ದಲ್ಲ.

ಹಾಗಾಗಿ ಈ ಇತಿಹಾಸದಿಂದ ಎರಡು ಕಾರ್ಯಗಳು ಒದಗಿಬರುತ್ತವೆ. ಒಂದು, ವಿಧವೆಯ ಬಳೆ ಒಡೆಯುವ ಪದ್ಧತಿಯನ್ನು ನಮ್ಮ ಪಾಲನಾ ಸೇವೆಯು ಸ್ಪಷ್ಟವಾಗಿ, ಆದರೆ ಆ ಮನೆಯ ದುಃಖವನ್ನು ಗೌರವಿಸಿ, ಎದುರಿಸಬೇಕು. ಇನ್ನೊಂದು, ಹೊಸ ದೇವಾಲಯ ಕಟ್ಟುವಾಗ ಒಂದೇ ಒಂದು ಕಿಟಕಿಯನ್ನಾದರೂ ಸ್ಥಳೀಯ ಕೈಗಳಿಂದ, ಕುಲುಮೆಯಲ್ಲಿ ಸುಟ್ಟ ಗಾಜಿನಿಂದ ಮಾಡಿಸಬೇಕು. ಅದರಲ್ಲಿ ಬಳೆಯ ಕಪ್ಪು ಹಸಿರುಗಳು ಕಾಣಿಸಿಕೊಂಡರೆ, ಸಂತೆಗೆ ಬಂದ ವಾಕ್ಯದ ಜೊತೆಗೆ ಸಂತೆಯ ಬಣ್ಣವೂ ದೇವಾಲಯವನ್ನು ಪ್ರವೇಶಿಸಿದಂತಾಗುತ್ತದೆ.